ಶುಗರ್ ಇದ್ದರೂ ಸುಸ್ತು ಇರಲೇಬೇಕೆಂದಿಲ್ಲ

ರಾಯದುರ್ಗದಿಂದ ಮಡಕಶಿರಾದವರೆಗೆ ನಮ್ಮ ಗಡಿಸೀಮೆಯಲ್ಲಿ ಒಂದೇ ಮಾತನ್ನು ಎರಡು ಭಾಷೆಯಲ್ಲಿ ಹೇಳುವುದು ಹೊಸದೇನಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ. ಆದರೆ ಸಕ್ಕರೆ ಕಾಯಿಲೆಗೆ ಎಲ್ಲರೂ ಹೇಳುವ ಹೆಸರು ಒಂದೇ: ಶುಗರ್. ಶುಗರ್ ಬಂದವರ ದೂರೂ ಒಂದೇ. ಕನ್ನಡದವರು "ಬರೀ ಸುಸ್ತು" ಅಂತಾರೆ, ತೆಲುಗಿನವರು "ಒಳ್ಳಂತಾ ನೀರಸಂ" ಅಂತಾರೆ. ಪಕ್ಕದಲ್ಲಿದ್ದವರು "ಶುಗರ್ ಬಂದ ಮೇಲೆ ಇನ್ನೇನಣ್ಣ, ಇಷ್ಟೇ" ಎಂದು ಸಮಾಧಾನ ಹೇಳುತ್ತಾರೆ. ಈ "ಇಷ್ಟೇ" ಎಂಬ ಮಾತನ್ನು ಒಪ್ಪಬೇಕಾಗಿಲ್ಲ ಎಂದು ಹೇಳುವುದಕ್ಕೇ ಈ ಲೇಖನ.

ನಾನು ಮಡಕಶಿರಾ ಕಡೆಯವನು. ಒಂದಿಷ್ಟು ಅಡಿಕೆ ತೋಟ, ಜೊತೆಗೆ ಹುಣಸೆಹಣ್ಣಿನ ವ್ಯಾಪಾರ. ಶುಗರ್ ಗೊತ್ತಾಗಿ ಹನ್ನೆರಡು ವರ್ಷವಾಯಿತು. ಹಿಂದೂಪುರದಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಮೂಟೆ ಲೆಕ್ಕ ಬರೆಯುತ್ತಿದ್ದಂತೆಯೇ ಕಣ್ಣು ಮುಚ್ಚಿಹೋಗುತ್ತಿದ್ದ ಕಾಲವೊಂದಿತ್ತು. ಇವತ್ತು ಬೆಳಿಗ್ಗೆ ತೋಟ ಸುತ್ತಿ, ಬಸ್ಸು ಹಿಡಿದು ವ್ಯಾಪಾರಕ್ಕೆ ಹೋಗಿ ಬಂದರೂ ಸಂಜೆಗೆ ಮೈಯಲ್ಲಿ ಕಸುವು ಉಳಿದಿರುತ್ತದೆ. ಕಾಯಿಲೆ ಹೋಗಿಲ್ಲ, ಮಾತ್ರೆಯೂ ನಿಂತಿಲ್ಲ. ಹೋಗಿರುವುದು ಸುಸ್ತು ಮಾತ್ರ.

ಇದು ನಮ್ಮೊಬ್ಬರ ಕಷ್ಟವೂ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ.

ಕೆರೆ ತುಂಬಿದೆ, ಗದ್ದೆ ಒಣಗಿದೆ

ಸಕ್ಕರೆ ಹೆಚ್ಚಿದ್ದರೆ ಶಕ್ತಿಯೂ ಹೆಚ್ಚಿರಬೇಕಲ್ಲವೇ ಎಂದು ರಾಯದುರ್ಗದ ಬಟ್ಟೆ ವ್ಯಾಪಾರಿಯೊಬ್ಬರು ನನ್ನನ್ನು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ರೈತರಿಗೆ ಅರ್ಥವಾಗುವಂತೆ ಹೇಳುವುದಾದರೆ, ಕೆರೆಯಲ್ಲಿ ನೀರು ತುಂಬಿದೆ, ತೂಬು ತುಕ್ಕು ಹಿಡಿದಿದೆ, ಕೆಳಗಿನ ಗದ್ದೆ ಒಣಗುತ್ತಿದೆ. ರಕ್ತದ ಸಕ್ಕರೆಯನ್ನು ಮಾಂಸಖಂಡದೊಳಕ್ಕೆ ಬಿಡಿಸುವ ತೂಬೇ ಇನ್ಸುಲಿನ್. ಟೈಪ್ ಎರಡು ಕಾಯಿಲೆಯಲ್ಲಿ ಇನ್ಸುಲಿನ್ ಇದ್ದರೂ ಅದರ ಮಾತು ನಡೆಯುವುದಿಲ್ಲ. ದಿನ ಕಳೆದಂತೆ ಅದರ ಉತ್ಪತ್ತಿಯೂ ಕಡಿಮೆಯಾಗುತ್ತದೆ. ಉಳಿದ ಸಕ್ಕರೆ ಮೂತ್ರದಲ್ಲಿ ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ರಾತ್ರಿ ನಾಲ್ಕು ಸಲ ಎದ್ದವನಿಗೆ ನಿದ್ದೆ ಎಲ್ಲಿ? ನಮ್ಮ ಸೀಮೆಯ ಬಿಸಿಲಿಗೆ ನೀರೂ ಆರಿ, ನಿದ್ದೆಯೂ ಕೆಟ್ಟರೆ ಮಾರನೇ ದಿನ ಸುಸ್ತಾಗದೆ ಇನ್ನೇನಾಗುತ್ತದೆ?

ಹೆಚ್ಚಿನವರಿಗೆ ಬೆಳಗಿನ ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟವಾದ ಎರಡು ಗಂಟೆಗೆ 180ರೊಳಗೆ, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 7ರೊಳಗೆ ಇರಬೇಕೆಂಬುದು ವೈದ್ಯರ ಲೆಕ್ಕ. ವಯಸ್ಸಾದವರಿಗೆ ಸ್ವಲ್ಪ ಸಡಿಲಿಕೆಯುಂಟು.

ಮುದ್ದೆ ಒಳ್ಳೆಯದೇ, ಆದರೆ ಎಷ್ಟು?

ನಮ್ಮ ಅಜ್ಜಂದಿರ ಕಾಲದಲ್ಲಿ ಅನ್ನ ಎಂದರೆ ಹಬ್ಬದ ದಿನದ ಮಾತು. ದಿನವೂ ರಾಗಿ, ಜೋಳ, ನವಣೆ, ಸಾಮೆ. 1983ರಲ್ಲಿ ಎನ್.ಟಿ. ರಾಮರಾವ್ ಅವರ ಸರ್ಕಾರ ಕಿಲೋಗೆ 2 ರೂಪಾಯಿಯ ಅಕ್ಕಿ ಕೊಟ್ಟ ಮೇಲೆ ಬಡವರ ಮನೆಯಲ್ಲೂ ಮೂರು ಹೊತ್ತು ಒಲೆ ಉರಿಯಿತು. ಆ ಪುಣ್ಯವನ್ನು ಮರೆಯಬಾರದು. ಜೊತೆಗೇ ತಟ್ಟೆಯ ಬಣ್ಣವೂ ಬಿಳಿಯಾಯಿತು. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ, ಸಂಜೆಗೆ ಒಗ್ಗರಣೆ ಮಂಡಕ್ಕಿ, ರಾತ್ರಿ ಮತ್ತೆ ಅನ್ನ ಎಂದರೆ ನಾಲ್ಕು ಹೊತ್ತೂ ಅಕ್ಕಿಯೇ.

"ಹಾಗಾದ್ರೆ ಮುದ್ದೆ ಎಷ್ಟು ಬೇಕಾದ್ರೂ ಉಣ್ಣಬಹುದಾ?" ಅಂತ ಕೇಳುವವರಿದ್ದಾರೆ. ಇಲ್ಲ. ನೂರು ಗ್ರಾಂ ಅಕ್ಕಿಯಲ್ಲಿ ಪಿಷ್ಟ ಸುಮಾರು 78 ಗ್ರಾಂ ಇದ್ದರೆ ರಾಗಿಯಲ್ಲಿ ಸುಮಾರು 70 ಗ್ರಾಂ. ವ್ಯತ್ಯಾಸ ಇರುವುದು ನಾರಿನಲ್ಲಿ. ರಾಗಿಯಲ್ಲಿ ಅದು ಬಿಳಿ ಅಕ್ಕಿಯ ಮೂರು ಪಟ್ಟಿಗೂ ಹೆಚ್ಚು. ಆದ್ದರಿಂದ ಸಣ್ಣದೊಂದು ಮುದ್ದೆ, ಅದರ ಜೊತೆ ತಟ್ಟೆಯ ಅರ್ಧ ಸೊಪ್ಪು ತರಕಾರಿ, ಗಟ್ಟಿಯಾದ ಹುರುಳಿ ಬಸ್ಸಾರೋ ಅವರೆಕಾಳೋ ಮೊಟ್ಟೆಯೋ ಇದ್ದರೆ ಸಕ್ಕರೆ ನಿಧಾನವಾಗಿ ಏರುತ್ತದೆ. ರಾಗಿ ಗಂಜಿಯನ್ನು ನುಣ್ಣಗೆ ಕುದಿಸಿ ಲೋಟಗಟ್ಟಲೆ ಕುಡಿದರೆ ಬೇಗ ಏರುತ್ತದೆ. ಸಂಜೆಯ ಹಸಿವಿಗೆ ಬೋಂಡಾ ಬದಲು ನಮ್ಮ ಜಿಲ್ಲೆಯ ಕಡಲೆಕಾಯಿಯನ್ನೇ ಬೇಯಿಸಿ ಒಂದು ಹಿಡಿ ತಿನ್ನಬಹುದು. ವ್ಯಾಪಾರಿಗಳು ಗಮನಿಸಬೇಕಾದದ್ದು ಟೀ. ಗಿರಾಕಿಗೊಂದು, ದಲಾಲಿಗೊಂದು ಎಂದು ದಿನಕ್ಕೆ ಎಂಟು ಕುಡಿದರೆ ಎಂಟು ಸಲವೂ ಸಕ್ಕರೆ ಒಳಗೆ ಹೋಗುತ್ತದೆ.

ಹೊಲದ ಓಡಾಟ, ಅಂಗಡಿಯ ಗಾದಿ

"ನಾವು ದಿನಾ ಹೊಲದಲ್ಲಿ ಓಡಾಡ್ತೀವಲ್ಲ, ನಮಗ್ಯಾಕೆ ವಾಕಿಂಗು?" ಎಂಬುದು ರೈತರ ಮಾತು. ಕಪಿಲೆ ಹೊಡೆಯುತ್ತಿದ್ದ, ಎತ್ತಿನ ಹಿಂದೆ ನಡೆಯುತ್ತಿದ್ದ ಕಾಲಕ್ಕೆ ಅದು ಸರಿ. ಈಗ ಉಳುವುದು ಟ್ರಾಕ್ಟರು, ನೀರೆತ್ತುವುದು ಬೋರ್‌ವೆಲ್ ಮೋಟಾರು, ತೋಟಕ್ಕೆ ಹೋಗುವುದು ಬೈಕು. ಬಿತ್ತನೆ, ಸುಗ್ಗಿ ಬಿಟ್ಟರೆ ಎಷ್ಟೋ ದಿನ ಮೈ ಬಗ್ಗುವುದೇ ಇಲ್ಲ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರು ದಿನವಿಡೀ ಮಿಷನ್ ಮುಂದೆ, ಅಂಗಡಿಯವರು ಗಾದಿಯ ಮೇಲೆ.

ಕೆಲಸ ಮಾಡುವ ಮಾಂಸಖಂಡ ಇನ್ಸುಲಿನ್ನಿಗೆ ಕಾಯದೆ ತಾನೇ ಸಕ್ಕರೆ ಎಳೆದುಕೊಳ್ಳುತ್ತದೆ. ಊಟವಾಗಿ ಸ್ವಲ್ಪ ಹೊತ್ತಿಗೆ ಹತ್ತು ಹದಿನೈದು ನಿಮಿಷ ನಡೆದರೆ ಸಾಕು, ತೂಕಡಿಕೆ ಎಷ್ಟು ಕಡಿಮೆಯಾಗುತ್ತದೆಂದು ನಿಮಗೇ ತಿಳಿಯುತ್ತದೆ. ನಾನು ಊಟ ಮುಗಿಸಿ ಮಂಡಿಯ ಸಾಲನ್ನು ಎರಡು ಸುತ್ತು ಹಾಕಿಯೇ ಲೆಕ್ಕದ ಪುಸ್ತಕ ತೆಗೆಯುವುದು. ಚೆನ್ನೈನ ವೈದ್ಯ ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಯಿಲೆಯ ಹೊಸ್ತಿಲಲ್ಲಿದ್ದವರು ನಡಿಗೆ ಮತ್ತು ಊಟದ ಹಿಡಿತದಿಂದಲೇ ಅಪಾಯವನ್ನು ಕಾಲು ಭಾಗಕ್ಕಿಂತ ಹೆಚ್ಚು ತಗ್ಗಿಸಿಕೊಂಡಿದ್ದರು. ಮನೆಯ ಮಕ್ಕಳಿಗೂ ಇದು ಹೇಳಬೇಕಾದ ಸಂಗತಿ.

ಸುಸ್ತಿನ ಬೇರೆ ಕಾರಣಗಳು

ಸಕ್ಕರೆ ಹಿಡಿತಕ್ಕೆ ಬಂದರೂ ನನಗೆ ಅರ್ಧ ಸುಸ್ತು ಉಳಿದೇ ಇತ್ತು, ಅಂಗಾಲು ಜುಮ್ಮೆನ್ನುತ್ತಿತ್ತು. ರಕ್ತ ಪರೀಕ್ಷೆ ಮಾಡಿಸಿದಾಗ ಬಿ-12 ಜೀವಸತ್ವ ಬಹಳ ಇಳಿದಿತ್ತು. ನಮ್ಮಲ್ಲಿ ಬಹುಮಂದಿ ನುಂಗುವ ಮೆಟ್‌ಫಾರ್ಮಿನ್ ಒಳ್ಳೆಯ ಮಾತ್ರೆ, ಆದರೆ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ-12 ಕಡಿಮೆಯಾಗುವುದುಂಟು. ಮಾಂಸ, ಮೊಟ್ಟೆ ಮುಟ್ಟದವರಿಗೆ ಇನ್ನೂ ಬೇಗ. ಇದಕ್ಕೆ ಮಾತ್ರೆ ಬಿಡಬೇಕಿಲ್ಲ, ಬಿ-12 ತುಂಬಿಸಿಕೊಂಡರಾಯಿತು. ಕೆಲವು ತಿಂಗಳಲ್ಲಿ ನನ್ನ ಕಾಲಿಗೆ ಬಲ ಬಂತು. ರಕ್ತಹೀನತೆ, ಥೈರಾಯ್ಡ್, ಮೂತ್ರಪಿಂಡದ ತೊಂದರೆ, ಗೊರಕೆಯಿಂದ ಕೆಡುವ ನಿದ್ದೆ, ಮನಸ್ಸಿನ ಕುಗ್ಗು ಇವೂ ಸುಸ್ತು ತರುತ್ತವೆ. ಮಳೆ ಕೈಕೊಟ್ಟು ಸಾಲ ಉಳಿದವನ ಮನಸ್ಸು ಕುಗ್ಗದಿರುತ್ತದೆಯೇ? ಅದನ್ನೂ ಡಾಕ್ಟರ ಮುಂದೆ ಹೇಳಬೇಕು.

ತಟ್ಟನೆ ಬೆವರು, ಕೈನಡುಕ, ತಲೆಸುತ್ತು ಬಂದರೆ ಅದು ಸಕ್ಕರೆ ಇಳಿದ ಲಕ್ಷಣವಿರಬಹುದು. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಂಡು ಊಟ ತಪ್ಪಿಸಿದವರಿಗೆ ಹೀಗಾಗುತ್ತದೆ. 70ಕ್ಕಿಂತ ಕೆಳಗಿಳಿದರೆ ಕೂಡಲೇ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಬೇಕು, ಕಾಲು ಗಂಟೆ ಬಿಟ್ಟು ಮತ್ತೆ ನೋಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಒಂಟಿಯಾಗಿ ತೋಟಕ್ಕೆ ಹೋಗುವವರು ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇಟ್ಟುಕೊಳ್ಳಲಿ. ಶಿವರಾತ್ರಿ, ಏಕಾದಶಿ, ರಂಜಾನ್ ಉಪವಾಸಕ್ಕೆ ಮುಂಚೆ ಮಾತ್ರೆಯ ವಿಷಯ ಕೇಳಿಕೊಳ್ಳಲಿ.

ಕಾಲಿನ ಮಾತಂತೂ ಮರೆಯುವ ಹಾಗಿಲ್ಲ. ನರದ ಸ್ಪರ್ಶ ಹೋದವನಿಗೆ ಜಾಲಿ ಮುಳ್ಳು ಚುಚ್ಚಿದ್ದೂ ತಿಳಿಯದು. ಬರಿಗಾಲಲ್ಲಿ ಹೊಲಕ್ಕಿಳಿಯಬಾರದು. ರಾತ್ರಿ ಮಲಗುವ ಮುಂಚೆ ಅಂಗಾಲು, ಬೆರಳ ಸಂದು ನೋಡಿಕೊಳ್ಳಬೇಕು. ಗಾಯ ಕಂಡರೆ ಮನೆಮದ್ದು ಹಚ್ಚಿ ಕಾಯುವುದು ಬೇಡ. ಒಂದು ಕಾಲು ಹೋದರೆ ಒಂದು ಸಂಸಾರದ ಬೇಸಾಯವೇ ನಿಲ್ಲುತ್ತದೆ.

ಕಾಯಿಲೆ ಪೂರ್ತಿ ಹೋಗುವುದೇ?

ಸಂತೆಯಲ್ಲಿ ಬೇರು, ಸೊಪ್ಪು ಮಾರುವವರು ಹೋಗುತ್ತದೆ ಅಂತಾರೆ, ಮಾತ್ರೆ ಬಿಡಿ ಅಂತಾರೆ. ನಂಬಬೇಡಿ. ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಫಲಿತಾಂಶ ಬಂದ ಒಂದು ಅಧ್ಯಯನದಲ್ಲಿ, ಕಾಯಿಲೆ ಬಂದು ಆರು ವರ್ಷದೊಳಗಿನ, ಮೈತೂಕ ಹೆಚ್ಚಿದ್ದವರು ವೈದ್ಯಕೀಯ ತಂಡದ ಉಸ್ತುವಾರಿಯಲ್ಲಿ ತೂಕ ಇಳಿಸಿದಾಗ ಒಂದು ವರ್ಷದ ಕೊನೆಗೆ ನೂರಕ್ಕೆ 46 ಮಂದಿ ಮಾತ್ರೆಯಿಲ್ಲದೆ ಸಕ್ಕರೆಯನ್ನು ಹತೋಟಿಯಲ್ಲಿಟ್ಟುಕೊಂಡಿದ್ದರು. ತೂಕ ಮರಳಿದ ಎಷ್ಟೋ ಜನರಿಗೆ ಕಾಯಿಲೆಯೂ ಮರಳಿತು. ಹೊಟ್ಟೆ ಬಂದವರಿಗೆ ಇದು ಆಸೆಯ ಸುದ್ದಿಯೇ, ಆದರೆ ಡಾಕ್ಟರನ್ನು ಬಿಟ್ಟು ಮಾಡುವ ಸಾಹಸವಲ್ಲ.

1953ರಲ್ಲಿ ರಾಯದುರ್ಗ ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿತು. 2022ರಲ್ಲಿ ಮಡಕಶಿರಾ ಅನಂತಪುರದಿಂದ ಬೇರೆಯಾಗಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಗೆರೆ ಎಲ್ಲಿ ಬಿದ್ದರೂ ನಮ್ಮವರು ಬಳ್ಳಾರಿ, ಶಿರಾ, ತುಮಕೂರು, ಬೆಂಗಳೂರಿನ ಆಸ್ಪತ್ರೆಗಳಿಗೂ ಹೋಗಿಬರುತ್ತಾರೆ. ಒಂದು ಕಡೆಯ ಚೀಟಿ ಇನ್ನೊಂದು ಕಡೆ ಸಿಗದೆ, ಒಂದೇ ಮಾತ್ರೆ ಎರಡು ಹೆಸರಲ್ಲಿ ಮನೆ ಸೇರುತ್ತದೆ. ಆದ್ದರಿಂದ ಒಂದು ನೋಟುಪುಸ್ತಕದಲ್ಲಿ ಮಾತ್ರೆ, ಅಂಕಿ, ತಾರೀಕು ಬರೆದಿಟ್ಟು ಎಲ್ಲಿ ಹೋದರೂ ಕೊಂಡೊಯ್ಯಿರಿ. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆ ಪರೀಕ್ಷೆ ಪುಕ್ಕಟೆಯಾಗಿ ಮಾಡುತ್ತಾರೆ. ಮುಂದಿನ ಸಲ ಹೋದಾಗ ಸಕ್ಕರೆ ಎಷ್ಟಿದೆ ಎಂದಷ್ಟೇ ಕೇಳಿ ಬರಬೇಡಿ. ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ, "ನನಗೆ ಸುಸ್ತು ಯಾಕೆ?" ಅಂತಲೂ ಕೇಳಿ.