ಹೊಕ್ಕುಳಬಳ್ಳಿಯ ಠೇವಣಿ

ಕಳಮನಾ ಮಾರುಕಟ್ಟೆಯ ಸಮೀಪವಿರುವ ನಮ್ಮ ಬ್ಯಾಂಕ್ ಶಾಖೆಗೆ ಈಚೆಗೆ ನಮ್ಮವರೇ ಆದ ಯುವ ದಂಪತಿಗಳು ಬಂದಿದ್ದರು. ಆಕೆ ತುಂಬು ಗರ್ಭಿಣಿ. ಹುಟ್ಟಲಿರುವ ಕೂಸಿನ ಹೊಕ್ಕುಳಬಳ್ಳಿಯ ರಕ್ತವನ್ನು ಖಾಸಗಿ ಸಂಸ್ಥೆಯೊಂದರಲ್ಲಿ ಕಾದಿರಿಸಲು ಸಾಲ ಬೇಕಾಗಿತ್ತು. “ಅದೂ ಒಂದು ಬ್ಯಾಂಕೇ ಅಲ್ಲವೇ ಸಾರ್? ಮಗುವಿನ ಹೆಸರಿನಲ್ಲಿ ಠೇವಣಿ ಇಟ್ಟ ಹಾಗೆ” ಎಂದರು ಆತ. ವಾಣಿಜ್ಯ ಓದಿದ ನಾನು ವೈದ್ಯನಲ್ಲ. ಆದರೂ ಠೇವಣಿ ಎಂದಮೇಲೆ ಅದರ ಷರತ್ತುಗಳನ್ನು ವಿಚಾರಿಸದಿರಲು ಮನಸ್ಸು ಒಪ್ಪಲಿಲ್ಲ.

ಹೊಕ್ಕುಳಬಳ್ಳಿಯ ರಕ್ತದಲ್ಲಿಯೂ ಅಸ್ಥಿಮಜ್ಜೆಯಲ್ಲಿಯೂ ರಕ್ತಕಣಗಳನ್ನು ಹುಟ್ಟಿಸುವ ಆಕರಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು ಇರುತ್ತವೆ. 1988ರಲ್ಲಿ ಪ್ಯಾರಿಸ್ಸಿನಲ್ಲಿ ಬಾಲಕನೊಬ್ಬನಿಗೆ ಅವನ ತಂಗಿಯ ಹೊಕ್ಕುಳಬಳ್ಳಿಯ ರಕ್ತವನ್ನು ಕೊಟ್ಟು ಗುಣಪಡಿಸಲಾಯಿತು. ಇಲ್ಲಿ ಗಮನಿಸತಕ್ಕದ್ದು, ರಕ್ತ ಅವನದಲ್ಲ, ತಂಗಿಯದು. ನಮ್ಮ ವಿದರ್ಭಕ್ಕೆ ಚಿರಪರಿಚಿತವಾದ ಸಿಕಲ್ ಸೆಲ್ ರೋಗ ವಂಶವಾಹಿಯಿಂದ ಬರತಕ್ಕದ್ದು. ಮಗುವಿನ ಸ್ವಂತ ಹೊಕ್ಕುಳಬಳ್ಳಿಯ ರಕ್ತದಲ್ಲಿಯೂ ಅದೇ ದೋಷವಿರುತ್ತದೆ. ಆದುದರಿಂದಲೇ, ಸ್ವಂತ ಬಳಕೆಗೆಂದು ಈ ರಕ್ತವನ್ನು ಕಾದಿರಿಸಲು ವೈಜ್ಞಾನಿಕ ಆಧಾರವಿಲ್ಲವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರ ಮಾರ್ಗಸೂಚಿಯಲ್ಲಿ ತಿಳಿಸಿದೆ. ಮನೆಯಲ್ಲಿ ಈ ಚಿಕಿತ್ಸೆಯಿಂದ ಗುಣವಾಗಬಲ್ಲ ಹಿರಿಯ ಮಗುವಿದ್ದರೆ ಮಾತ್ರ ಅದು ಸೂಕ್ತ.

ಹಾಗಾದರೆ ಈ ವಿದ್ಯೆಗೆ ಹಣ ಹೂಡಬೇಕಾದವರು ಯಾರು? ಅಮೆರಿಕದಲ್ಲಿ ಇದು ದೊಡ್ಡ ವಾದವೇ ಆಯಿತು. ಭ್ರೂಣದ ಆಕರಕೋಶಗಳ ಸಂಶೋಧನೆಗೆ ಕೇಂದ್ರ ಸರ್ಕಾರದ ಹಣವನ್ನು 2001ರಲ್ಲಿ ಅಧ್ಯಕ್ಷ ಬುಷ್ ಮಿತಿಗೊಳಿಸಿದರು. 2009ರಲ್ಲಿ ಒಬಾಮಾ ಆ ನಿರ್ಬಂಧವನ್ನು ಸಡಿಲಿಸಿದರು. ನಡುವೆ 2004ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು 300 ಕೋಟಿ ಡಾಲರುಗಳ ಸಾಲಪತ್ರಗಳಿಗೆ ಒಪ್ಪಿಗೆಯಿತ್ತು, ಸಂಶೋಧನೆಯ ಹೊರೆಯನ್ನು ರಾಜ್ಯದ ಬೊಕ್ಕಸದ ಮೇಲೆ ತಾವಾಗಿಯೇ ಹೊತ್ತುಕೊಂಡರು.

ಹಾಸಿಗೆ, ಔಷಧಿಗಳೇ ಸಾಲದ ನಮ್ಮ ಆಸ್ಪತ್ರೆಗಳ ನಡುವೆ ಪ್ರಯೋಗಾಲಯಕ್ಕೆ ಹಣವೇಕೆಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಸಿಕಲ್ ಸೆಲ್ ರೋಗಿಯ ಆಕರಕೋಶಗಳನ್ನೇ ತಿದ್ದಿ ಮರಳಿಸುವ ಚಿಕಿತ್ಸೆಗೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಾಗ ಕಂಪನಿ ಇಟ್ಟ ಬೆಲೆ 22 ಲಕ್ಷ ಡಾಲರು! ವಿದರ್ಭದ ಕೂಲಿಕಾರನ ಮಗುವಿಗೆ ಅದು ಎಂದು ಎಟುಕೀತು?

ಇನ್ನೊಂದು ದಾರಿಯೂ ಉಂಟು. ಕೇಂದ್ರ ಸರ್ಕಾರ 2009ರಲ್ಲಿ ಬೆಂಗಳೂರಿನಲ್ಲಿ ಇನ್‌ಸ್ಟೆಮ್ ಸಂಸ್ಥೆಯನ್ನು ಸ್ಥಾಪಿಸಿತು. ಅದರೊಡನೆ ಕೂಡಿ ದುಡಿಯುವ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಕೇಂದ್ರದಲ್ಲಿ ಐವರು ಹಿಮೋಫಿಲಿಯಾ ರೋಗಿಗಳ ಆಕರಕೋಶಗಳಿಗೆ ಸರಿಯಾದ ಜೀನು ಸೇರಿಸಿ ಅವರಿಗೇ ಮರಳಿಸಲಾಯಿತು. ಅವರ ರಕ್ತಸ್ರಾವ ನಿಂತಿತೆಂದು 2024ರ ಡಿಸೆಂಬರಿನಲ್ಲಿ ವರದಿಯಾಯಿತು. ಹತ್ತಾರು ವರ್ಷ ಬಡ್ಡಿಯ ಆಸೆಯಿಲ್ಲದೆ ಕಾಯಬಲ್ಲ ಬಂಡವಾಳ ಸಾರ್ವಜನಿಕರದೊಂದೇ. ಚಿಕಿತ್ಸೆಯಲ್ಲಿಯೂ ಅಷ್ಟೆ: ನಮ್ಮ ನಾಗಪುರದ ವೆಸ್ಟರ್ನ್ ಕೋಲ್‌ಫೀಲ್ಡ್ಸ್‌ನ ಮಾತೃಸಂಸ್ಥೆ ಕೋಲ್ ಇಂಡಿಯಾ, 2017ರಲ್ಲಿ ಆರಂಭವಾದ ಯೋಜನೆಯಡಿ ತಲಸ್ಸೇಮಿಯಾ ಪೀಡಿತ ಬಡಮಕ್ಕಳ ಕಸಿಗೆ 10 ಲಕ್ಷ ರೂಪಾಯಿಯವರೆಗೆ ನೆರವು ನೀಡಿದೆ.

ಇಷ್ಟನ್ನು ದಂಪತಿಗಳಿಗೆ ತಿಳಿಸಿ, ಹೆರಿಗೆಯ ವೈದ್ಯರನ್ನು ಕೇಳಿದ ಮೇಲೆ ಬನ್ನಿರೆಂದೆ. ಒಂದು ವಾರದ ನಂತರ ಅವರು ಬಂದರು. ಸಾಲಕ್ಕಲ್ಲ, ಮಗುವಿನ ಹೆಸರಿನಲ್ಲಿ ಆವರ್ತ ಠೇವಣಿ ತೆರೆಯಲು ಬೇಕಾದ ಕಾಗದಪತ್ರಗಳನ್ನು ಕೇಳಲು. ಜೊತೆಗೆ, ಅಸ್ಥಿಮಜ್ಜೆ ದಾನಿಗಳ ಪಟ್ಟಿಯಲ್ಲಿ ತನ್ನ ಹೆಸರು ಬರೆಸಿರುವುದಾಗಿ ಆತ ತಿಳಿಸಿದರು. ಯಾರದೋ ಮಗುವಿಗೆ ಒದಗಬಹುದಾದ ಆ ಠೇವಣಿಗೆ ನನ್ನ ಶಿಫಾರಸಿನ ಅಗತ್ಯವಿರಲಿಲ್ಲ.