ಹೊಸ ನೈಟ್ರೊ ಎಂಜಿನನ್ನು ಪಳಗಿಸುವುದು ಹೇಗೆ?

ಹೊಸ ಬೈಕ್ ಮನೆಗೆ ಬಂದಾಗ "ರನ್ನಿಂಗ್ ಇನ್ ಮುಗಿಯುವ ತನಕ ನಿಧಾನವಾಗಿ ಓಡಿಸು" ಎಂದು ಹಿರಿಯರು ಹೇಳುವುದನ್ನು ನಾವೆಲ್ಲರೂ ಕೇಳಿದ್ದೇವೆ. ರಿಮೋಟ್ ಕಾರಿನ ಪುಟ್ಟ ನೈಟ್ರೊ ಎಂಜಿನಿಗೂ ಇದೇ ಮಾತು ಅನ್ವಯಿಸುತ್ತದೆ. ಈ ಮಾತನ್ನು ಕೇಳದೆ ನಾನು ಒಂದು ಎಂಜಿನ್ ಕಳೆದುಕೊಂಡಿದ್ದೇನೆ.

ಎರಡು ವರ್ಷದ ಹಿಂದೆ ಅಣ್ಣ ದುಬೈಯಿಂದ ಬರುವಾಗ ನನಗೊಂದು ನೈಟ್ರೊ ಕಾರು ತಂದಿದ್ದ. "ಮೊದಲು ಪುಸ್ತಕ ಓದು" ಎಂದೂ ಹೇಳಿದ್ದ. ನಾನು ಓದಲಿಲ್ಲ. ಮೊದಲ ದಿನವೇ ಗೆಳೆಯರ ಮುಂದೆ ಪೂರ್ತಿ ವೇಗದಲ್ಲಿ ಓಡಿಸಿದೆ. ಮೂರನೇ ಟ್ಯಾಂಕಿಗೆ ಎಂಜಿನ್ ನಿಂತಿತು, ಮತ್ತೆ ಸ್ಟಾರ್ಟ್ ಆಗಲಿಲ್ಲ. ಬಿಚ್ಚಿ ನೋಡಿದರೆ ಪಿಸ್ಟನ್ ಮೇಲೆಲ್ಲ ಗೀರುಗಳು. ಹೊಸ ಪಿಸ್ಟನ್ ಮತ್ತು ಸ್ಲೀವ್‌ಗಾಗಿ ಹಣ ಕೂಡಿಡಲು ಆರು ತಿಂಗಳು ಬೇಕಾಯಿತು.

ಇದು ಟೂ-ಸ್ಟ್ರೋಕ್ ಎಂಜಿನ್. '21' ಎಂದು ಕರೆಯುವ ಗಾತ್ರದ ಎಂಜಿನ್ ಸುಮಾರು 3.5 ಸಿ.ಸಿ. ಮಾತ್ರ, ಆದರೆ ನಿಮಿಷಕ್ಕೆ 30,000 ಸುತ್ತುಗಳಿಗೂ ಮೇಲೆ ತಿರುಗಬಲ್ಲದು. ಇಂಧನದಲ್ಲಿ ಮೆಥನಾಲ್, ನೈಟ್ರೊಮೀಥೇನ್ ಮತ್ತು ಎಣ್ಣೆ ಇರುತ್ತವೆ. ನೈಟ್ರೊಮೀಥೇನ್ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ ಅಷ್ಟೇ ಗಾಳಿಯಲ್ಲಿ ಹೆಚ್ಚು ಇಂಧನ ಉರಿಯುತ್ತದೆ. ಗ್ಲೋ ಪ್ಲಗ್‌ನ ತಂತಿಯಲ್ಲಿ ಪ್ಲಾಟಿನಂ ಇದೆ. ಸ್ಟಾರ್ಟ್ ಮಾಡುವಾಗ ಮಾತ್ರ ಅದಕ್ಕೆ ಸುಮಾರು 1.5 ವೋಲ್ಟ್ ಬ್ಯಾಟರಿ ಬೇಕು. ನಂತರ ಎಂಜಿನಿನ ಬಿಸಿ ಮತ್ತು ಮೆಥನಾಲ್ ಜೊತೆಗಿನ ವೇಗವರ್ಧಕ ಕ್ರಿಯೆಯಿಂದ ತಂತಿ ತಾನೇ ಕೆಂಪಗೆ ಇರುತ್ತದೆ. ನಮ್ಮ ರಸಾಯನಶಾಸ್ತ್ರ ಪಾಠದಲ್ಲಿ ಬರುವ ವೇಗವರ್ಧಕ ಇದೇ.

ಹಾಗಾದರೆ ಪಳಗಿಸುವುದು ಏಕೆ? ಇಂಥ ಎಂಜಿನುಗಳಲ್ಲಿ ಹೆಚ್ಚಿನವಕ್ಕೆ ಪಿಸ್ಟನ್ ರಿಂಗ್ ಇಲ್ಲ. ಅಲ್ಯೂಮಿನಿಯಂ ಪಿಸ್ಟನ್, ಕ್ರೋಮ್ ಲೇಪಿಸಿದ ಹಿತ್ತಾಳೆ ಸ್ಲೀವ್‌ನೊಳಗೆ ಓಡುತ್ತದೆ. ಸ್ಲೀವ್‌ನ ಮೇಲ್ಭಾಗ ಸ್ವಲ್ಪ ಕಿರಿದು. ಆದ್ದರಿಂದ ತಣ್ಣಗಿರುವಾಗ ಪಿಸ್ಟನ್ ಮೇಲೆ ಬಂದು ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಬಿಸಿಯಾದಾಗ ಸ್ಲೀವ್ ಹಿಗ್ಗಿ ಸರಿಯಾದ ಅಳತೆಗೆ ಬರುತ್ತದೆ. ಹೊಸ ಲೋಹದ ಮೇಲೆ ಕಣ್ಣಿಗೆ ಕಾಣದ ಉಬ್ಬುತಗ್ಗುಗಳಿರುತ್ತವೆ. ಅವು ಸಾಕಷ್ಟು ಎಣ್ಣೆಯ ನಡುವೆ ನಿಧಾನವಾಗಿ ಸವೆದು ಒಂದಕ್ಕೊಂದು ಹೊಂದಿಕೊಳ್ಳಬೇಕು. ಅವಸರ ಮಾಡಿದರೆ ಅವು ಸವೆಯುವುದಿಲ್ಲ, ಗೀರುತ್ತವೆ.

ಮಾಡುವ ಕ್ರಮ ಹೀಗಿದೆ. ನಿಮ್ಮ ಎಂಜಿನ್ ಜೊತೆ ಬಂದ ಪುಸ್ತಕ ಬೇರೆ ಹೇಳಿದರೆ ಅದನ್ನೇ ಅನುಸರಿಸಿ.

1. ಏರ್ ಫಿಲ್ಟರಿಗೆ ಎಣ್ಣೆ ಹಾಕಿ. ಒಳಗೆ ಹೋದ ಧೂಳು ಉಪ್ಪುಕಾಗದದಂತೆ ಕೆಲಸ ಮಾಡುತ್ತದೆ.

2. ಸ್ಟಾರ್ಟ್ ಮಾಡುವ ಮೊದಲು ಹೇರ್ ಡ್ರೈಯರ್‌ನಿಂದ ಎಂಜಿನ್ ತಲೆಯನ್ನು ಬಿಸಿ ಮಾಡಿ. ತಣ್ಣಗಿರುವ ಬಿಗಿ ಎಂಜಿನಿನ ಹಗ್ಗವನ್ನು ಬಲವಾಗಿ ಎಳೆದರೆ ಹಗ್ಗವೇ ಹೋಗಬಹುದು. ಸಿಲಿಂಡರಿನಲ್ಲಿ ಇಂಧನ ತುಂಬಿಕೊಂಡಿದ್ದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ಆಗ ಪ್ಲಗ್ ಬಿಚ್ಚಿ, ಇಂಧನ ಹೊರಹಾಕಿ.

3. ಕಾರ್ಬ್ಯುರೇಟರಿನ ಮುಖ್ಯ ಸೂಜಿಯನ್ನು ಸಡಿಲಿಸಿ ಇಂಧನ ಹೆಚ್ಚು ಹೋಗುವಂತೆ ಇಡಿ. ಇಂಧನದ ಜೊತೆ ಎಣ್ಣೆಯೂ ಹೆಚ್ಚು ಹೋಗುತ್ತದೆ, ಮೆಥನಾಲ್ ಆವಿಯಾಗುತ್ತಾ ಎಂಜಿನನ್ನು ತಂಪಾಗಿಡುತ್ತದೆ. ದಟ್ಟ ಹೊಗೆ ಬರುತ್ತಿದ್ದರೆ ಸರಿಯಾಗಿದೆ ಎಂದರ್ಥ.

4. ಎರಡು ಮೂರು ನಿಮಿಷ ನಿಧಾನವಾಗಿ ಓಡಿಸಿ, ನಿಲ್ಲಿಸಿ, ಪೂರ್ತಿ ತಣಿಯಲು ಬಿಡಿ. ಹೀಗೆ ಮತ್ತೆ ಮತ್ತೆ ಮಾಡಿ. ಆದರೆ ಎಂಜಿನ್ ತೀರಾ ತಣ್ಣಗೆ ಓಡಿದರೂ ತಪ್ಪೇ. ಸ್ಲೀವ್ ಹಿಗ್ಗದೆ ಪಿಸ್ಟನ್ ಉಜ್ಜಿಹೋಗುತ್ತದೆ. ತಲೆಯ ಬಿಸಿ 90ರಿಂದ 100 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಲಿ.

5. ತಣಿಯುವಾಗ ಪಿಸ್ಟನ್ ಕೆಳಗಿರಬೇಕು. ಇಲ್ಲದಿದ್ದರೆ ಕುಗ್ಗುವ ಸ್ಲೀವ್ ಅದನ್ನು ಹಿಡಿದುಕೊಳ್ಳುತ್ತದೆ. ಫ್ಲೈವೀಲ್ ಮೇಲೆ ಮಾರ್ಕರ್‌ನಿಂದ ಗುರುತು ಹಾಕಿಟ್ಟರೆ ಸುಲಭ.

6. ನಾಲ್ಕೈದು ಟ್ಯಾಂಕುಗಳ ಅವಧಿಯಲ್ಲಿ ಸೂಜಿಯನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ವೇಗ ಹೆಚ್ಚಿಸಿ. ಹೊಗೆ ನಿಂತುಹೋದರೆ ತಕ್ಷಣ ಸಡಿಲಿಸಿ.

7. ದಿನದ ಕೊನೆಗೆ ಟ್ಯಾಂಕ್ ಖಾಲಿ ಮಾಡಿ, ಎಂಜಿನಿಗೆ ಆಫ್ಟರ್-ರನ್ ಎಣ್ಣೆ ಹಾಕಿ. ಮೆಥನಾಲ್ ಗಾಳಿಯ ತೇವವನ್ನು ಹೀರುವುದರಿಂದ ಬೇರಿಂಗ್ ತುಕ್ಕು ಹಿಡಿಯುತ್ತದೆ. ನಮ್ಮ ಮಳೆಗಾಲದಲ್ಲಂತೂ ಇದನ್ನು ಮರೆಯಲೇಬಾರದು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ: ಮೆಥನಾಲ್ ವಿಷ. ಹೊಟ್ಟೆಗೆ ಹೋದರೆ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ಚರ್ಮದ ಮೂಲಕವೂ ಅದು ಒಳಸೇರುತ್ತದೆ. ಅದರ ಉರಿ ಹಗಲು ಬೆಳಕಿನಲ್ಲಿ ಸರಿಯಾಗಿ ಕಾಣುವುದಿಲ್ಲ. ಕೈಗವಸು ಹಾಕಿ, ಬಯಲಿನಲ್ಲೇ ಓಡಿಸಿ. ಇಂಧನವನ್ನು ನೀರಿನ ಬಾಟಲಿಗೆ ಎಂದೂ ತುಂಬಿಸಬೇಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ ಎಂಬುದು ನೆನಪಿರಲಿ.

ಹೊಸ ಪಿಸ್ಟನ್ ಹಾಕಿದ ಮೇಲೆ ಎರಡು ಭಾನುವಾರ ನಾನು ಬರೀ ಓಡಿಸುವುದು, ತಣಿಸುವುದು, ಕಾಯುವುದು ಮಾಡಿದೆ. ಗೆಳೆಯರಿಗೆ ಬೇಸರ ಬಂದು ಎದ್ದು ಹೋದರು. ಆ ಎಂಜಿನ್ ಇಂದಿಗೂ ಚೆನ್ನಾಗಿ ಓಡುತ್ತಿದೆ.

– ದ್ವಿತೀಯ ಪಿ.ಯು.ಸಿ. ವಿಜ್ಞಾನ ವಿಭಾಗದ ವಿದ್ಯಾರ್ಥಿ