ಗುಮಾಸ್ತನ ಮರೀಚಿಕೆ

ಕಳೆದ ಭಾನುವಾರ ರಾತ್ರಿ, ಹೋಟೆಲಿನ ಬಾಗಿಲು ಹಾಕಿದ ತರುವಾಯ, ಕೋಠಿಯ ಗೆಳೆಯರೊಬ್ಬರ ಕೊಠಡಿಯಲ್ಲಿ ಗೋಡೆಗೆ ಬಿಳಿಯ ಪಂಚೆ ಬಿಗಿದು ಜರ್ಮನಿಯ ಮೂಕಚಿತ್ರವೊಂದನ್ನು ನೋಡಿದೆವು. ಹೆಸರು ‘ಫ್ಯಾಂಟಮ್’; ನಿರ್ದೇಶಕರು ಎಫ್. ಡಬ್ಲ್ಯು. ಮುರ್ನೌ, ತೆರೆ ಕಂಡದ್ದು 1922ರಲ್ಲಿ. ಕಥೆಯು ನೊಬೆಲ್ ಪಾರಿತೋಷಕ ಪಡೆದ ಗೆರ್ಹಾರ್ಟ್ ಹೌಪ್ಟ್‌ಮನ್ನರ ಕಾದಂಬರಿಯದು. ನಾಯಕನೋ, ನಗರಸಭೆಯ ಗುಮಾಸ್ತ! ನಮ್ಮ ನಿರೀಕ್ಷೆ ಬೆಟ್ಟದಷ್ಟಾಗಲು ಇಷ್ಟು ಸಾಲದೆ?

ಗುಮಾಸ್ತ ಲೊರೆನ್ಸ್ ಪುಸ್ತಕಪ್ರಿಯ. ತಾನೂ ಕವನ ಕಟ್ಟುವವನು. ಒಂದು ದಿನ ಬೀದಿಯಲ್ಲಿ ಬಿಳಿಯ ಕುದುರೆಗಳ ಗಾಡಿಯೊಂದು ಅವನನ್ನು ಕೆಡವುತ್ತದೆ. ಗಾಡಿಯಲ್ಲಿದ್ದ ಸಿರಿವಂತರ ಮಗಳ ರೂಪ ಅವನ ತಲೆಯಿಂದ ಇಳಿಯದು. ಕಚೇರಿಯನ್ನು ಮರೆಯುತ್ತಾನೆ, ಕೆಲಸ ಹೋಗುತ್ತದೆ. ಒತ್ತೆಯಿಟ್ಟುಕೊಂಡು ಸಾಲ ಕೊಡುವ ಬಂಧುವೊಬ್ಬಳಿಂದ ಹಣ ತಂದು, ಆ ಕನ್ಯೆಯನ್ನು ಹೋಲುವ ಮತ್ತೊಬ್ಬಳಿಗಾಗಿ ಸುರಿಯುತ್ತಾನೆ. ಕಡೆಗೆ ಆ ಬಂಧುವಿನ ಕೊಲೆಯ ಪ್ರಕರಣದಲ್ಲಿ ಸಿಕ್ಕಿ ಸೆರೆಮನೆ ಸೇರುತ್ತಾನೆ.

ಚಿತ್ರದಲ್ಲಿ ಸೊಗಸಿಲ್ಲವೆಂದಲ್ಲ. ಬೀದಿಯ ಮನೆಗಳೆಲ್ಲ ಅವನ ಮೇಲೆ ಬಾಗಿ ಬರುವ ದೃಶ್ಯದಲ್ಲಿ ನಾವೆಲ್ಲ ಉಸಿರು ಬಿಗಿಹಿಡಿದೆವು. ಆದರೆ ಎರಡು ಗಂಟೆಗಳಲ್ಲಿ ಅಂತಹ ಗಳಿಗೆಗಳು ಕೆಲವೇ. ತರುಣನ ಪಾತ್ರಕ್ಕೆ ನಲವತ್ತು ದಾಟಿದ ಆಲ್‌ಫ್ರೆಡ್ ಆಬೆಲ್. ಅವರು ಬಹುಪಾಲು ಶೂನ್ಯವನ್ನೇ ದಿಟ್ಟಿಸುತ್ತಾರೆ. ತಾಯಿಯ ಸಂಕಟ ಆಗಾಗ ಕಾಣುವುದು ನಿಜ. ಆದರೆ ಚಿತ್ರದ ಕಣ್ಣು ಅಲ್ಲಿ ನಿಲ್ಲದೆ ಮತ್ತೆ ಗಾಡಿಯ ಹಿಂದೆ ಓಡುತ್ತದೆ.

ನಮ್ಮ ಬಳಗದಲ್ಲಿ ಪದ್ಯ ಬರೆಯುವ ಗುಮಾಸ್ತರೊಬ್ಬರಿದ್ದಾರೆ. ತಿಂಗಳು ತಿಂಗಳೂ ಊರಿಗೆ ಹಣ ಕಳುಹುವವರು. ಚಿತ್ರ ಮುಗಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದು, “ಕೆಲಸ ಹೋದ ಮಾತನ್ನು ಇವರು ಎಷ್ಟು ಬೇಗ ಮುಗಿಸಿಬಿಟ್ಟರು!” ಎಂದರು. ನಮ್ಮ ನಿರಾಶೆಯ ಮೂಲವೂ ಅದೇ.

ಇದೇ ಮುರ್ನೌ 1924ರಲ್ಲಿ ತೆಗೆದ ‘ಕೊನೆಯ ಮನುಷ್ಯ’ದಲ್ಲಿ ನಾಯಕ ಹೋಟೆಲಿನ ಬಾಗಿಲು ಕಾಯುವ ಮುದುಕ. ಅವನ ಸಮವಸ್ತ್ರವನ್ನು ಕಳಚಿಸಿ ಶೌಚಗೃಹದ ಚಾಕರಿಗೆ ಹಾಕುತ್ತಾರೆ. ಹಿಂದೊಮ್ಮೆ ಇದೇ ಕೊಠಡಿಯಲ್ಲಿ ಅದನ್ನು ಕಂಡಾಗ, ಸಪ್ಲಾಯರ್ ಗೆಳೆಯರು ಕಣ್ಣೊರೆಸಿಕೊಂಡಿದ್ದರು. ಅಲ್ಲಿ ಕೆಲಸವೇ ಮನುಷ್ಯನ ಮಾನ. ಇಲ್ಲಿ ಕೆಲಸ ಕಥೆಗೊಂದು ನೆಪ.

ಆದರೂ ನೋಡಿದ್ದಕ್ಕೆ ಪಶ್ಚಾತ್ತಾಪವಿಲ್ಲ. ಅದೇ 1922ರಲ್ಲಿ ಧೀರೇಂದ್ರನಾಥ ಗಂಗೂಲಿಯವರು ನಮ್ಮ ಈ ಹೈದರಾಬಾದಿನಲ್ಲಿ ಲೋಟಸ್ ಫಿಲ್ಮ್ ಕಂಪೆನಿಯನ್ನು ಸ್ಥಾಪಿಸಿದ್ದರು. ನಮ್ಮ ದೇಶದ ಮೂಕಚಿತ್ರಗಳಲ್ಲಿ ಬಹುಪಾಲು ಇಂದು ಉಳಿದಿಲ್ಲ. ಜರ್ಮನರು ತಮ್ಮದನ್ನು ಜೋಡಿಸಿ ಕಾಪಾಡಿಕೊಂಡಿದ್ದಾರೆ. ನಿರಾಶೆಗೊಳ್ಳಬೇಕಾದರೂ ಚಿತ್ರ ಉಳಿದಿರಬೇಕಷ್ಟೆ.